ಬೀಗ ಬಿದ್ದ ಶಾಲೆ

ಅಮೆರಿಕದ ವರ್ಜೀನಿಯಾ ಸಂಸ್ಥಾನದಲ್ಲಿ ಫಾರ್ಮ್‌ವಿಲ್ ಎಂಬ ಸಣ್ಣ ಊರೊಂದುಂಟು. ಪ್ರಿನ್ಸ್ ಎಡ್ವರ್ಡ್ ಕೌಂಟಿಗೆ, ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಭಾಗಕ್ಕೆ, ಅದೇ ಮುಖ್ಯಸ್ಥಳ. ಅಲ್ಲಿಯ ರಾಬರ್ಟ್ ರಸ್ಸಾ ಮೋಟನ್ ಹೈಸ್ಕೂಲಿನ ಕಥೆಯನ್ನು ಓದಿದಾಗಲೆಲ್ಲ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಒಂದು ಒಲೆ.

1939ರಲ್ಲಿ ಕಪ್ಪು ಜನಾಂಗದ ಮಕ್ಕಳಿಗೆಂದು ಕಟ್ಟಿದ ಆ ಇಟ್ಟಿಗೆಯ ಶಾಲೆಯಲ್ಲಿ 180 ಮಂದಿಗೆ ಸ್ಥಳವಿತ್ತು. ಹನ್ನೆರಡು ವರ್ಷಗಳಲ್ಲಿ ಸಂಖ್ಯೆ 450ನ್ನು ದಾಟಿತು. ಹೊಸ ಕಟ್ಟಡ ಬೇಕೆಂದು ಹಿರಿಯರು ಕೇಳಿದರೆ ದೊರೆತವು ಟಾರು ಕಾಗದ ಹೊದಿಸಿದ ಹಲಗೆಯ ಕೊಟ್ಟಿಗೆಗಳು. ಚಳಿಗಾಲದಲ್ಲಿ ಒಲೆಯ ಬಳಿಯ ಹುಡುಗ ಬೆವರುವನು, ದೂರದ ಹುಡುಗಿ ಕೋಟು ತೊಟ್ಟೇ ಬರೆಯುವಳು. ಮಳೆ ಬಂದರೆ ಸೂರು ಸೋರುವುದು. ಬಿಳಿಯ ಮಕ್ಕಳ ಹೈಸ್ಕೂಲು ಅದೇ ಊರಿನಲ್ಲಿ ವ್ಯಾಯಾಮಶಾಲೆ, ಭೋಜನಶಾಲೆಗಳೊಡನೆ ಮೆರೆದಿತ್ತು. ‘ಪ್ರತ್ಯೇಕ, ಆದರೆ ಸಮಾನ’ ಎಂಬುದು ಅಂದಿನ ಕಾನೂನಿನ ಮಾತು. ಒಂದು ವಿಶೇಷಣದಿಂದ ಎಷ್ಟು ಅನ್ಯಾಯವನ್ನು ಮುಚ್ಚಿಡಬಹುದೆಂಬುದಕ್ಕೆ, ವ್ಯಾಕರಣ ಹೇಳಿಯೇ ಹೊಟ್ಟೆ ಹೊರೆಯುವ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

1951ರ ಏಪ್ರಿಲ್ 23ರಂದು, ವಿದ್ಯಾರ್ಥಿಗಳು ಬಸ್ ನಿಲ್ದಾಣದಲ್ಲಿ ತೊಂದರೆಗೆ ಸಿಕ್ಕಿದ್ದಾರೆಂಬ ಫೋನು ಬಂದು ಮುಖ್ಯೋಪಾಧ್ಯಾಯರು ಅತ್ತ ಧಾವಿಸಿದರು. ಇತ್ತ ಅವರ ಹೆಸರಿನ ಚೀಟಿ ತರಗತಿಗಳಿಗೆ ಹೋಗಿ ಸಭೆ ಕೂಡಿತು. ತೆರೆ ಸರಿದಾಗ ವೇದಿಕೆಯ ಮೇಲೆ ಕಂಡವಳು ಹದಿನಾರರ ಬಾರ್ಬರಾ ಜಾನ್ಸ್. ಅಧ್ಯಾಪಕರು ಹೊರಗೆ ಹೋಗಬೇಕೆಂದು ಕೇಳಿಕೊಂಡು ಅವಳು ಮುಷ್ಕರ ಸಾರಿದಳು. ಸುಳ್ಳು ಫೋನನ್ನೂ ಕಳ್ಳ ಚೀಟಿಯನ್ನೂ ಅಧ್ಯಾಪಕನಾದವನು ಖಂಡಿಸತಕ್ಕದ್ದೇ ಸರಿ. ನನ್ನ ನಾಲಗೆ ಏಳಲೊಲ್ಲದು.

ಮಕ್ಕಳು ಕೇಳಿದ್ದು ಒಳ್ಳೆಯ ಕಟ್ಟಡವನ್ನಷ್ಟೆ. ನೆರವಿಗೆ ಬಂದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ಪ್ರತ್ಯೇಕತೆಯನ್ನೇ ಪ್ರಶ್ನಿಸುವುದಾದರೆ ಮಾತ್ರ ದಾವೆ ಹೂಡುವೆವೆಂದರು. 117 ವಿದ್ಯಾರ್ಥಿಗಳ ಪರವಾದ ಆ ದಾವೆ ಇತರ ನಾಲ್ಕರೊಡನೆ ಸುಪ್ರೀಂ ಕೋರ್ಟಿಗೇರಿತು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು 1954ರ ಮೇ 17ರಂದು ತೀರ್ಪಾಯಿತು. ಅಷ್ಟರಲ್ಲಿ, 1953ರಲ್ಲಿ, ಹೊಸ ಕಟ್ಟಡವನ್ನೂ ಕಟ್ಟಿಕೊಟ್ಟಿದ್ದರು. ಬಾರ್ಬರಾ ಅದರಲ್ಲಿ ಕೂತು ಓದಲಿಲ್ಲ. ಅವಳ ಪ್ರಾಣಕ್ಕೆ ಹೆದರಿದ ತಂದೆತಾಯಿಗಳು ಅವಳನ್ನು ದೂರದ ಮಾಂಟ್‌ಗಮರಿಗೆ, ತಂದೆಯ ಸೋದರನ ಮನೆಗೆ ಕಳುಹಿಸಿದ್ದರು. ಮುಂದೆ ಅವಳು ಗ್ರಂಥಪಾಲಕಿಯಾಗಿ ಬದುಕಿ 1991ರಲ್ಲಿ ತೀರಿಕೊಂಡಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. 1959ರಲ್ಲಿ ಮಕ್ಕಳನ್ನು ಒಟ್ಟಿಗೆ ಕೂರಿಸಲೇಬೇಕೆಂಬ ಆಜ್ಞೆ ಬಂದಾಗ ಕೌಂಟಿಯ ಮಂಡಲಿಯು ಸಾರ್ವಜನಿಕ ಶಾಲೆಗಳಿಗೆ ಹಣ ಕೊಡುವುದನ್ನೇ ನಿಲ್ಲಿಸಿತು. ಎಲ್ಲ ಶಾಲೆಗಳಿಗೂ ಬೀಗ. ಆ ಹೊಸ ಕಟ್ಟಡಕ್ಕೂ ಬೀಗ. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ತೆರೆಯಿತು. ಕಪ್ಪು ಮಕ್ಕಳಲ್ಲಿ ಕೆಲವರು ಪರವೂರಿನ ನೆಂಟರ ಮನೆ ಸೇರಿದರು, ಕೆಲವರು ಚರ್ಚುಗಳಲ್ಲಿ ಹೇಳಿಕೊಟ್ಟಷ್ಟನ್ನು ಕಲಿತರು, ಎಷ್ಟೋ ಮಂದಿ ಹೊಲಗಳಿಗೆ ಹೋದರು. ಬೀಗ ತೆಗೆಯಲು 1964ರಲ್ಲಿ ಮತ್ತೆ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಐದು ವರ್ಷ! ಬೇಸಗೆಯ ರಜೆ ಕಳೆದು ಬರುವ ಹುಡುಗರು ಸಂಧಿಗಳ ಹೆಸರನ್ನೇ ಮರೆತಿರುವುದನ್ನು ವರ್ಷವರ್ಷವೂ ಕಾಣುವವನು ನಾನು. ಅದು ಎರಡು ತಿಂಗಳ ಮರೆವು. ಆರು ವರ್ಷದ ಮಗು ಅಕ್ಷರ ಕಾಣದೆ ಹನ್ನೊಂದು ತುಂಬಿಸಿಕೊಂಡರೆ ಅದನ್ನು ಯಾವ ತರಗತಿಯಲ್ಲಿ ಕೂರಿಸುವುದು? ಹದಿನೈದರ ಹುಡುಗ ಇಪ್ಪತ್ತಾಗಿ ಬಂದರೆ ಅವನು ಕೂರಲು ಒಪ್ಪುವನೆ?

ಮೋಟನ್ನಿನ ಹಳೆಯ ಕಟ್ಟಡ 2001ರಿಂದ ವಸ್ತುಸಂಗ್ರಹಾಲಯವಾಗಿದೆ. ಓದು ಕಡಿದುಹೋದವರಿಗೆ 2003ರಲ್ಲಿ ಗೌರವ ಪ್ರಮಾಣಪತ್ರಗಳನ್ನು ಹಂಚಿದರು. ಪಡೆಯುವವರು ಆಗ ಐವತ್ತರ ಆಚೀಚೆಯವರು, ಕೆಲವರು ಅರವತ್ತು ಮುಟ್ಟಿದವರು.