ಗದ್ದೆಯ ಚೌಕದಿಂದ ಬಜೆಟ್ ಪುಸ್ತಕಕ್ಕೆ

ರಾಜ್ಯ ಬಜೆಟ್ ಹತ್ತಿರವಾದಂತೆ ಪತ್ರಿಕೆಗಳಲ್ಲಿ ಒಂದು ಅಂಕಿ ಕಾಣಿಸಿಕೊಳ್ಳುತ್ತದೆ: ಕರ್ನಾಟಕದ ಆರ್ಥಿಕತೆ ಈ ವರ್ಷ ಶೇಕಡಾ ಇಷ್ಟು ಬೆಳೆಯಲಿದೆ. ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಂಕಿ ಹೊರಬೀಳುವ ಹೊತ್ತಿಗೆ ಎಷ್ಟೋ ಊರುಗಳಲ್ಲಿ ಬಿಳಿಜೋಳದ ರಾಶಿಯೇ ಆಗಿರುವುದಿಲ್ಲ. ಆದರೂ ಈ ಮುಂಗಡ ಅಂದಾಜಿನ ಮೇಲೆ ಸರ್ಕಾರದ ಸಾಲದ ಮಿತಿ ನಿಂತಿದೆ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ನಮ್ಮದು, 2002ರಲ್ಲಿ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ (ಜಿಎಸ್‌ಡಿಪಿ) ಶೇ 3ನ್ನು ಮೀರಬಾರದೆಂದು ಅದು ಹೇಳಿತು.

ಇಂಥ ಲೆಕ್ಕಕ್ಕೆ ನಮ್ಮಲ್ಲಿ ಗಟ್ಟಿ ಬುನಾದಿ ಹಾಕಿದವರಲ್ಲಿ ವಿ.ಕೆ.ಆರ್.ವಿ. ರಾವ್ ಪ್ರಮುಖರು. 1931–32ರ ಬ್ರಿಟಿಷ್ ಭಾರತದ ರಾಷ್ಟ್ರೀಯ ವರಮಾನವನ್ನು ಅವರು ಬಿಡಿಬಿಡಿಯಾಗಿ ಲೆಕ್ಕ ಹಾಕಿದರು. ಬೆಳೆಗೆ ಉತ್ಪನ್ನದ ಬೆಲೆ ಹಿಡಿದರು, ಸೇವೆಗಳಿಗೆ ಜನರ ಗಳಿಕೆ ಹಿಡಿದರು. 1949ರ ರಾಷ್ಟ್ರೀಯ ವರಮಾನ ಸಮಿತಿಯಲ್ಲಿ ಮಹಲನೋಬಿಸ್, ಗಾಡ್ಗೀಳರ ಜೊತೆ ಅವರೂ ಇದ್ದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಕಟ್ಟಿದವರೂ ಅವರೇ.

ಆಗಿಹೋದದ್ದನ್ನು ಅಳೆಯುವುದು ಒಂದು ವಿದ್ಯೆ, ಆಗಲಿರುವುದನ್ನು ಹೇಳುವುದು ಇನ್ನೊಂದು. ಕೂಲಿ, ಬೆಲೆ, ಖರ್ಚುಗಳ ನಂಟನ್ನು ಸಮೀಕರಣಗಳಲ್ಲಿ ಹೆಣೆದು ಇಡೀ ದೇಶಕ್ಕೊಂದು ಮಾದರಿ ಮಾಡಿದವರು ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗೆನ್, 1936ರಲ್ಲಿ. ಒಂದು ಉದ್ಯಮದ ಸರಕು ಮತ್ತೊಂದಕ್ಕೆ ಎಷ್ಟು ಹೋಗುತ್ತದೆಂಬ ಕೋಷ್ಟಕವನ್ನು ಅದೇ ವರ್ಷ ಅಮೆರಿಕದಲ್ಲಿ ವಾಸಿಲಿ ಲಿಯೊಂಟಿಫ್ ಪ್ರಕಟಿಸಿದರು.

ಮಾದರಿಯನ್ನು ಒಂದು ರಾಜ್ಯಕ್ಕೆ ಇಳಿಸುವಾಗಲೇ ತೊಡಕು ಎದುರಾಗುವುದು. ದೇಶದ ಗಡಿಯಲ್ಲಿ ಆಮದು ರಫ್ತಿಗೆ ಲೆಕ್ಕವಿದೆ. ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕೆ ಹೋಗುವ ಲಾರಿಯಲ್ಲಿ ಎಷ್ಟು ಸರಕಿದೆಯೆಂಬ ಪೂರ್ತಿ ಲೆಕ್ಕ ಬಹುಕಾಲ ಸಿಗುತ್ತಿರಲಿಲ್ಲ. 2018ರ ಏಪ್ರಿಲ್ 1ರಂದು ಸರಕು ಸಾಗಣೆಯನ್ನು ಆನ್‌ಲೈನ್‌ನಲ್ಲಿ ದಾಖಲಿಸುವ ಇ-ವೇ ಬಿಲ್ ಬಂತು. ರಾಜ್ಯದೊಳಗಿನ ಸಾಗಣೆಗೂ ಅಂದೇ ಅದನ್ನು ಜಾರಿ ಮಾಡಿದ ಮೊದಲ ರಾಜ್ಯ ಕರ್ನಾಟಕ. ಮಾದರಿ ಕಟ್ಟುವವರಿಗೆ ಇದು ದೊಡ್ಡ ವರದಾನ. ಆದರೆ ಸಾಫ್ಟ್‌ವೇರ್‌ ಲಾರಿಯಲ್ಲಿ ಹೋಗುವುದಿಲ್ಲ, ಅದಕ್ಕೆ ಇ-ವೇ ಬಿಲ್ಲೂ ಇಲ್ಲ.

ಇಷ್ಟೆಲ್ಲ ಗಣಿತದ ಕೆಳಗೆ ಏನಿದೆಯೆಂದು ನೋಡಬೇಕಾದರೆ ಬೆಳೆ ಕಟಾವು ಪ್ರಯೋಗ ನಡೆಯುವ ಗದ್ದೆಗೆ ಹೋಗಬೇಕು. ಯಾವ ಸರ್ವೆ ನಂಬರು, ಅದರೊಳಗೆ ಯಾವ ಜಾಗ ಎಂಬುದನ್ನು ಯಾದೃಚ್ಛಿಕ ಸಂಖ್ಯೆಯೇ ನಿರ್ಧರಿಸುತ್ತದೆ. ಚೆನ್ನಾಗಿ ಬಂದ ಪೈರನ್ನೇ ಆರಿಸುವಂತಿಲ್ಲ, ರಸ್ತೆ ಪಕ್ಕದ ಬದುವಿಗೆ ನಿಲ್ಲುವಂತಿಲ್ಲ. ಭತ್ತಕ್ಕೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ. ನಾಲ್ಕು ಗೂಟ ನೆಟ್ಟು, ಹಗ್ಗ ಬಿಗಿದು, ಒಳಗಿನ ಪೈರನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗುತ್ತಾರೆ. ಬೆಳೆ ವಿಮೆಯ ಪರಿಹಾರಕ್ಕೂ ಇಂಥ ತೂಕವೇ ಆಧಾರವಾದ್ದರಿಂದ ಒತ್ತಡ, ಜಗಳ ಇದ್ದದ್ದೇ. ಹೀಗೆ ಸಿಕ್ಕ ಇಳುವರಿಯನ್ನು ಬಿತ್ತನೆ ಪ್ರದೇಶದಿಂದ ಗುಣಿಸಿದರೆ ಬೆಳೆಯ ಅಂದಾಜು.

ಉಳಿದ ವಲಯಗಳಿಗೆ ಸಿಮೆಂಟ್, ವಾಹನ ನೋಂದಣಿ, ಬ್ಯಾಂಕ್ ಠೇವಣಿ, ತೆರಿಗೆ ಸಂಗ್ರಹದಂಥ ಸೂಚಕಗಳಿವೆ. ಕೈಗೆ ಬಂದ ತಿಂಗಳುಗಳ ಅಂಕಿ ಹಿಡಿದು, ಹಿಂದಿನ ವರ್ಷಗಳ ಜಾಡಿನಲ್ಲಿ ಉಳಿದ ತಿಂಗಳುಗಳನ್ನು ತುಂಬುತ್ತಾರೆ. ರೈಲ್ವೆ, ಬ್ಯಾಂಕಿಂಗ್‌ನಂಥ ಹಲವು ರಾಜ್ಯಗಳಿಗೆ ಹಬ್ಬಿದ ವಲಯಗಳ ಪಾಲನ್ನು ಕೇಂದ್ರವೇ ಹಂಚಿಕೊಡುತ್ತದೆ.

ನನ್ನ ತಕರಾರು ಜಿಲ್ಲೆಯ ಅಂಕಿಯ ಬಗ್ಗೆ. ರಾಜ್ಯದ ಮೊತ್ತದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯದೇ. ಅಂದರೆ ರಾಜ್ಯದ ಸರಾಸರಿಗೆ ಯಾದಗಿರಿಯ ಮುಖವೇ ಇರುವುದಿಲ್ಲ. ಜಿಲ್ಲಾ ವರಮಾನದಲ್ಲೂ ಹಲವು ವಲಯಗಳನ್ನು ನೇರವಾಗಿ ಅಳೆಯುವುದಿಲ್ಲ, ರಾಜ್ಯದ ಮೊತ್ತವನ್ನೇ ಕಾರ್ಮಿಕರ ಸಂಖ್ಯೆಯಂಥ ಪ್ರಮಾಣದಲ್ಲಿ ಹಂಚುತ್ತಾರೆ. ಹಂಚಿದ ಅಂಕಿಯಿಂದ ಮುನ್ನೋಟ ಮಾಡಿದರೆ ಯಾದಗಿರಿಯ ಅಂಗಡಿ ಬೀದಿಯಲ್ಲಿ ಏನಾಗುತ್ತಿದೆಯೆಂದು ತಿಳಿಯುವುದು ಹೇಗೆ? 2002ರಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತ್ತು. ಅಲ್ಲಿ ಮೊದಲು ಆಗಬೇಕಾದದ್ದು ಸರಿಯಾದ ಅಳತೆ, ಮಾದರಿಗಳ ಮಾತು ಆಮೇಲೆ.

ಒಂದು ಒಳ್ಳೆಯ ಬದಲಾವಣೆ ಶುರುವಾಗಿದೆ. 2025ರ ಜನವರಿಯಿಂದ ರಾಷ್ಟ್ರೀಯ ಮಾದರಿ ಸಮೀಕ್ಷೆಗಳು ಜಿಲ್ಲೆಯನ್ನೇ ಮೂಲ ಘಟಕವಾಗಿ ಹಿಡಿದು ಮಾದರಿ ಆರಿಸುತ್ತಿವೆ. ನಿಮ್ಮ ಮನೆಗೋ ಅಂಗಡಿಗೋ ಸಮೀಕ್ಷೆಯವರು ಬಂದರೆ ಗುರುತಿನ ಚೀಟಿ ನೋಡಿ, ಕೂರಿಸಿ, ಗಳಿಕೆ ಖರ್ಚನ್ನು ಇದ್ದದ್ದು ಇದ್ದ ಹಾಗೆ ಹೇಳಿ.