ನರ್ಸ್ ನೋಟ್ಸ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಏನಾಗುತ್ತೆ?

ನರ್ಸ್‌ಗಳು ಬರೆದ ಇಂಗ್ಲಿಷನ್ನು ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ ನಗೋದು ನಮ್ಮಲ್ಲಿ ಇದ್ದೇ ಇದೆ. ಇವತ್ತು ಆ ತಪ್ಪುಗಳನ್ನೇ ಸ್ವಲ್ಪ ಬೇರೆ ರೀತಿ ನೋಡೋಣ. ಯಾವ ತಪ್ಪನ್ನು ಬಿಟ್ಟುಬಿಡಬಹುದು, ಯಾವುದಕ್ಕೆ ನಿಜವಾಗಿ ಹೆದರಬೇಕು?

ನಮ್ಮ ಕೋಡ್ ಭಾಷೆಯಲ್ಲೇ ಹೇಳ್ತೀನಿ. ಕೆಲವು ತಪ್ಪುಗಳು ಬರೀ ವಾರ್ನಿಂಗ್. ‘ಪೇಷಂಟ್ ಈಸ್ ಹ್ಯಾವಿಂಗ್ ಫೀವರ್’ ಅಂತ ಬರೆದರೆ ವ್ಯಾಕರಣದ ಮೇಷ್ಟ್ರಿಗೆ ಬೇಸರ ಆಗಬಹುದು, ಆದರೆ ಜ್ವರ ಇದೆ ಅಂತ ಎಲ್ಲರಿಗೂ ಗೊತ್ತಾಗುತ್ತೆ. ‘ದಿ’ ಬಿಟ್ಟುಹೋದರೂ ರೋಗಿಗೆ ಏನೂ ಆಗಲ್ಲ. ಮುಂಬೈಯಲ್ಲೋ ದೆಹಲಿಯಲ್ಲೋ ಕೆಲಸ ಮಾಡೋ ಮಲಯಾಳಿ ನರ್ಸ್ ಒಬ್ಬರು ರೋಗಿಯ ಜೊತೆ ಹಿಂದಿ ಮಾತಾಡಿ, ಮನಸ್ಸಿನಲ್ಲಿ ಮಲಯಾಳದಲ್ಲಿ ಯೋಚಿಸಿ, ಫೈಲಿನಲ್ಲಿ ಇಂಗ್ಲಿಷ್ ಬರೀತಾರೆ. ನಾವೂ ಹಾಗೇ ಬದುಕ್ತಿದ್ದೀವಲ್ಲ!

ಅಪಾಯ ಇರೋದು ಸ್ಪೆಲ್‌ಚೆಕ್‌ಗೆ ಸಿಗದ ತಪ್ಪುಗಳಲ್ಲಿ. ಡಿಸ್‌ಫೇಜಿಯಾ ಅಂದರೆ ನುಂಗೋಕೆ ತೊಂದರೆ. ಡಿಸ್‌ಫೇಸಿಯಾ ಅಂದರೆ ಮಾತಿನ ತೊಂದರೆ. ಇಂಗ್ಲಿಷಿನಲ್ಲಿ ‘ಜಿ’ ಬದಲು ‘ಎಸ್’, ಅಷ್ಟೇ ವ್ಯತ್ಯಾಸ. ಎರಡೂ ಸರಿಯಾದ ಪದಗಳೇ ಆದ್ದರಿಂದ ಕೆಂಪು ಗೆರೆ ಬರಲ್ಲ. ತಪ್ಪು ವೇರಿಯಬಲ್ ಹಾಕಿದರೂ ಕೋಡ್ ಕಂಪೈಲ್ ಆಗುತ್ತಲ್ಲ, ಹಾಗೆ. ಪಾರ್ಶ್ವವಾಯು ಆದವರಲ್ಲಿ ಈ ಎರಡೂ ತೊಂದರೆಗಳು ಬರಬಹುದು. ನುಂಗೋಕೆ ಆಗದವರಿಗೆ ಮಾತಿನ ತೊಂದರೆ ಅಂತ ಬರೆದುಬಿಟ್ಟರೆ, ಮುಂದಿನ ಶಿಫ್ಟ್‌ನವರು ಇಡ್ಲಿ, ಕಾಫಿ ಕೊಡಬಹುದು. ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಹೈಪೊ, ಹೈಪರ್ ಕೂಡ ಹೀಗೇ. ಹೈಪೊಗ್ಲೈಸೀಮಿಯಾದಲ್ಲಿ ಸಕ್ಕರೆ ಇಳಿದಿರುತ್ತೆ, ತಕ್ಷಣ ಸಕ್ಕರೆ ಕೊಡಬೇಕು. ಹೈಪರ್‌ಗ್ಲೈಸೀಮಿಯಾದಲ್ಲಿ ಏರಿರುತ್ತೆ, ಇನ್ಸುಲಿನ್ ಬೇಕಾಗಬಹುದು. ಸಕ್ಕರೆ ಇಳಿದವರಿಗೆ ಇನ್ಸುಲಿನ್ ಕೊಟ್ಟರೆ ಪ್ರಾಣಕ್ಕೇ ಕುತ್ತು.

ಇನ್ಸುಲಿನ್ ಅಂದಮೇಲೆ ಸೊನ್ನೆಯ ಕಥೆಗೆ ಬರೋಣ. ಯೂನಿಟ್ ಅನ್ನೋದಕ್ಕೆ ‘ಯು’ ಅಂತ ಒಂದೇ ಅಕ್ಷರ ಬರೆಯೋ ಅಭ್ಯಾಸ ಇದೆ. 10ರ ಪಕ್ಕದಲ್ಲಿ ಅವಸರದಲ್ಲಿ ಬರೆದ ‘ಯು’ ಬಾಯಿ ಮುಚ್ಚಿಕೊಂಡರೆ ಅದು 100! ದಶಮಾಂಶ ಬಿಂದುವಿನದ್ದೂ ಇದೇ ಪಾಡು. 1.0 ಅಂತ ಬರೆದು ಚುಕ್ಕಿ ಮಸುಕಾದರೆ 10. ಬರೀ .5 ಅಂತ ಬರೆದರೆ 5. ಎರಡೂ ಕಡೆ ಹತ್ತು ಪಟ್ಟು ಡೋಸ್. ಮೈಕ್ರೊಗ್ರಾಂ ಬದಲು ಮಿಲಿಗ್ರಾಂ ಆದರಂತೂ 1000 ಪಟ್ಟು. ಅದಕ್ಕೇ ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲಿ ‘ಇವನ್ನು ಬರೆಯಲೇಬೇಡಿ’ ಅನ್ನೋ ಪಟ್ಟಿ ಹೊರಡಿಸಿತು. ಯೂನಿಟ್ ಅಂತ ಪೂರ್ತಿ ಬರೀಬೇಕು, 1.0 ಬೇಡ, 1 ಸಾಕು; .5 ಬೇಡ, 0.5 ಬೇಕು.

ಇನ್ನು ವ್ಯಾಕರಣ. ಇಲ್ಲಿ ಮುಖ್ಯವಾಗಿ ಕಾಡೋದು ಕಾಲ, ಅಂದರೆ ಟೆನ್ಸ್. ‘ಗಿವನ್’ ಅಂದರೆ ಔಷಧಿ ಕೊಟ್ಟಾಯಿತು. ಕೊನೇ ‘ಎನ್’ ಬಿಟ್ಟುಹೋಗಿ ‘ಗಿವ್’ ಥರ ಕಂಡರೆ ಇನ್ನೂ ಕೊಡಬೇಕು ಅಂತ ಅರ್ಥ. ರಾತ್ರಿ ಶಿಫ್ಟ್ ಕೊಟ್ಟ ಮಾತ್ರೆಯನ್ನು ಬೆಳಗಿನ ಶಿಫ್ಟ್ ಮತ್ತೆ ಕೊಡಬಹುದು. ಯಾರು, ಎಷ್ಟು ಹೊತ್ತಿಗೆ, ಎಷ್ಟು ಕೊಟ್ಟರು ಅನ್ನೋದಿಲ್ಲದ ಸಾಲು, ಟೈಮ್‌ಸ್ಟ್ಯಾಂಪ್ ಇಲ್ಲದ ಲಾಗ್ ಇದ್ದ ಹಾಗೆ.

ಹಾಗಾದರೆ ಎಲ್ಲಾ ತಪ್ಪು ನರ್ಸ್‌ಗಳದ್ದೇನಾ? ಖಂಡಿತ ಅಲ್ಲ. ಡಾಕ್ಟರ ಗೀಚುಬರಹ ನೋಡಿ ನಕಲು ಮಾಡೋರು ಅವರು. ಔಷಧಿಗಳ ಹೆಸರೇ ಒಂದನ್ನೊಂದು ಹೋಲುತ್ತವೆ. ಹೊಟ್ಟೆಯ ಆಮ್ಲಕ್ಕೆ ಕೊಡೋ ಲೋಸೆಕ್, ಮೂತ್ರ ಹೆಚ್ಚಿಸೋ ಲೇಸಿಕ್ಸ್ ಜೊತೆ ಗೊಂದಲ ಆಗ್ತಿದೆ ಅಂತ 1990ರಲ್ಲಿ ಅಮೆರಿಕದಲ್ಲಿ ಲೋಸೆಕ್ ಹೆಸರನ್ನೇ ಪ್ರಿಲೋಸೆಕ್ ಅಂತ ಬದಲಾಯಿಸಿದರು. ನಮ್ಮಲ್ಲಿ 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು, ಡಾಕ್ಟರು ಔಷಧಿಯ ಜೆನೆರಿಕ್ ಹೆಸರನ್ನು ಓದೋಕೆ ಬರೋ ಹಾಗೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೀಬೇಕು ಅಂತ ನಿಯಮ ತಿದ್ದಿತು. ಜನರನ್ನು ಬೈಯೋದಕ್ಕಿಂತ ವ್ಯವಸ್ಥೆ ತಿದ್ದೋದು ಅಂದರೆ ಇದೇ.

ಅಪ್ಪ ಅಮ್ಮನನ್ನು ಊರಿಂದ ಕರೆಸಿಕೊಂಡು ಪುಣೆಯಲ್ಲೋ ಹೈದರಾಬಾದಿನಲ್ಲೋ ಆಸ್ಪತ್ರೆಗೆ ಸೇರಿಸಿದ್ದೀರಿ ಅಂದುಕೊಳ್ಳಿ. ನೀವು ಮಾಡಬಹುದಾದ್ದು ನಾಲ್ಕು.

1. ಈಗ ತಗೊಳ್ತಿರೋ ಔಷಧಿಗಳ ಪಟ್ಟಿಯನ್ನು ಟೈಪ್ ಮಾಡಿ ಕೊಡಿ. ಜೆನೆರಿಕ್ ಹೆಸರು, ಡೋಸ್, ಹೊತ್ತು, ಯಾಕೆ ಅನ್ನೋದು ಮೂರ್ನಾಲ್ಕು ಪದಗಳಲ್ಲಿ ಇರಲಿ.
2. ಸಂಖ್ಯೆಯನ್ನು ಬಿಡಿಸಿ ಹೇಳಿ. ಇಂಗ್ಲಿಷಿನ ಫಿಫ್ಟೀನ್, ಫಿಫ್ಟಿ ಕಿವಿಗೆ ಒಂದೇ ಥರ. ಹಿಂದಿಯ ಉನ್‌ತಾಲೀಸ್, ಉನ್‌ಚಾಸ್ ನಮ್ಮವರಿಗೆ ಸದಾ ತಲೆನೋವು. ‘ಒನ್ ಫೈವ್’ ಅಂದರೆ ಗೊಂದಲ ಇಲ್ಲ.
3. ಇಂಜೆಕ್ಷನ್ ಮುಂಚೆ ‘ಸಿಸ್ಟರ್, ಇದು ಯಾವುದು, ಎಷ್ಟು?’ ಅಂತ ಮರ್ಯಾದೆಯಿಂದ ಕೇಳಿ. ಇನ್ಸುಲಿನ್‌ನಲ್ಲಿ 40 ಮತ್ತು 100 ಯೂನಿಟ್ ಎಂಬ ಎರಡು ತೀವ್ರತೆ ನಮ್ಮ ದೇಶದಲ್ಲಿ ಸಿಗುತ್ತೆ, ಸಿರಿಂಜ್‌ಗಳೂ ಬೇರೆ ಬೇರೆ. ಮನೆಗೆ ಬಂದಮೇಲೂ ಬಾಟಲಿಗೆ ಸರಿಹೊಂದೋ ಸಿರಿಂಜೇ ಬಳಸಿ.
4. ಡಿಸ್ಚಾರ್ಜ್ ಸಮ್ಮರಿಯನ್ನು ಕೌಂಟರ್ ಬಿಡೋ ಮುಂಚೆ ಓದಿ. ಎಡ, ಬಲ, ವಯಸ್ಸು, ಅಲರ್ಜಿ, ಚುಕ್ಕಿ, ಸೊನ್ನೆ ನೋಡಿ. ಅನುಮಾನ ಬಂದರೆ ಅಲ್ಲೇ ತಿದ್ದಿಸಿ.

ಕೋಡ್ ರಿವ್ಯೂ ಮಾಡುವಾಗ ನಾವು ಬರೆದವರನ್ನು ಆಡಿಕೊಳ್ಳೋದಿಲ್ಲ, ಬಗ್ ಹುಡುಕ್ತೀವಿ. ಆಸ್ಪತ್ರೆ ಫೈಲನ್ನೂ ಹಾಗೇ ಓದಿ. ನಿಮ್ಮ ಬಳಗದಲ್ಲಿ ನರ್ಸ್‌ಗಳಿದ್ದರೆ ಅವರಿಗೂ ಇದನ್ನು ಕಳಿಸಿ, ಅವರ ಅನುಭವ ಕೇಳಿ.