ಬಿಡದಿಯ ಪಾಳಿ: ಬಿಸಿಲೂ ಇಲ್ಲ, ನಿದ್ದೆಯೂ ಇಲ್ಲ

ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿರುವ ಬಿಡದಿಯಲ್ಲಿ ಬಿಸಿಲಿಗೆ ಬರವಿಲ್ಲವಾದರೂ, ಆ ಬಿಸಿಲು ಮೈಗೆ ಬೀಳುವ ಹೊತ್ತು ದುಡಿಮೆಯ ರೀತಿಯೊಂದಿಗೆ ಬದಲಾಗಿದೆ. ರಾಗಿ, ಹಿಪ್ಪುನೇರಳೆಯ ಹೊಲಗಳ ನಡುವೆ ಕೈಗಾರಿಕಾ ಪ್ರದೇಶ ಬೆಳೆದು, 1999ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಉತ್ಪಾದನೆ ಆರಂಭಿಸಿದ ಬಳಿಕ, ಪಾಳಿಯ ಕೆಲಸ ಸುತ್ತಲಿನ ಅನೇಕ ಮನೆಗಳ ದಿನಚರಿಯನ್ನೇ ನಿರ್ಧರಿಸತೊಡಗಿತು. ಡಿ ಜೀವಸತ್ವಕ್ಕೂ ನಿದ್ದೆಗೂ ಇದೆಯೆನ್ನಲಾಗುವ ನಂಟನ್ನು ಪರಿಶೀಲಿಸಲು ಇದು ಸೂಕ್ತವಾದ, ಅಷ್ಟೇ ತೊಡಕಿನ ನಿದರ್ಶನ.

ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಚರ್ಮದಲ್ಲಿ ಡಿ3 ಉತ್ಪತ್ತಿಗೆ ಕಾರಣವಾಗುತ್ತದೆ. ಅದು ಯಕೃತ್ತಿನಲ್ಲೊಮ್ಮೆ, ಮೂತ್ರಪಿಂಡದಲ್ಲೊಮ್ಮೆ ರೂಪಾಂತರಗೊಂಡ ಮೇಲಷ್ಟೇ ಪೂರ್ಣವಾಗಿ ಕ್ರಿಯಾಶೀಲವಾಗುತ್ತದೆ. ಸೂರ್ಯ ನೆತ್ತಿಗೇರಿದಾಗ ಯುವಿಬಿ ಹೆಚ್ಚು, ಮುಂಜಾನೆ ತೀರ ಕಡಿಮೆ. ಕಿಟಕಿಯ ಗಾಜು ಅದನ್ನು ಬಹುಪಾಲು ತಡೆದುಬಿಡುತ್ತದೆ. ದೇಹದ ಗಡಿಯಾರ ಕೇಳುವುದಾದರೋ ಕಣ್ಣಿಗೆ ಬೀಳುವ ಬೆಳಗಿನ ಬೆಳಕನ್ನು ಮತ್ತು ಇರುಳಿನ ಕತ್ತಲೆಯನ್ನು. ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿ ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿಯಾಯಿತೆಂಬ ಸೂಚನೆಯನ್ನು ದೇಹಕ್ಕೆ ಮುಟ್ಟಿಸುತ್ತದೆ. ಹೀಗಾಗಿ ರಾತ್ರಿ ಪಾಳಿ ಮುಗಿಸಿ ಕಂಪನಿ ಬಸ್ಸಿನಲ್ಲಿ ರಾಮನಗರಕ್ಕೋ ಮಾಗಡಿಗೋ ಮರಳುವ ಕಾರ್ಮಿಕನಿಗೆ ದಕ್ಕುವುದು ಮುಂದಿನ ನಿದ್ದೆಗೆ ಅಡ್ಡಿಯಾಗುವ ಬೆಳಕೇ ಹೊರತು ಡಿ ಜೀವಸತ್ವ ಕೊಡುವ ಬಿಸಿಲಲ್ಲ. ಆ ಬಿಸಿಲು ಬರುವ ಹೊತ್ತಿಗೆ ಆತ ಪರದೆ ಎಳೆದು ಮಲಗಿರುತ್ತಾನೆ, ಹಗಲು ಪಾಳಿಯವನು ಶೆಡ್ಡಿನೊಳಗಿರುತ್ತಾನೆ.

ರಕ್ತದಲ್ಲಿ ಈ ಜೀವಸತ್ವ ಮಿಲಿಲೀಟರಿಗೆ 20 ನ್ಯಾನೊಗ್ರಾಮಿಗಿಂತ ಕಡಿಮೆಯಿರುವವರಲ್ಲಿ ನಿದ್ದೆಯ ತೊಂದರೆ ಹೆಚ್ಚೆಂದು, ಒಂಬತ್ತು ಅಧ್ಯಯನಗಳ 9,397 ಮಂದಿಯ ಮಾಹಿತಿಯನ್ನು ಒಗ್ಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಹೇಳಿತು. ನಿದ್ದೆಯ ನಿಯಂತ್ರಣದಲ್ಲಿ ಪಾಲುಳ್ಳ ಹೈಪೊಥಲಮಸ್‌ನಲ್ಲಿ ಡಿ ಜೀವಸತ್ವದ ಗ್ರಾಹಕಗಳಿರುವುದೂ, ತೀವ್ರ ಕೊರತೆಯಿಂದ ಮೂಳೆ, ಸ್ನಾಯುಗಳು ನೋಯುವುದೂ ಈ ನಂಟಿಗೆ ಪುಷ್ಟಿ ಕೊಡುತ್ತವೆ. ಆದರೆ ಜೊತೆಗಿರುವುದೆಲ್ಲ ಕಾರಣವಲ್ಲ: ಬಿಡದಿಯ ಕಾರ್ಮಿಕನಲ್ಲಿ ಎರಡೂ ಕೊರತೆ ಕಂಡರೆ, ಒಂದು ಇನ್ನೊಂದನ್ನು ಹುಟ್ಟಿಸಿತೆನ್ನುವುದಕ್ಕಿಂತ ಪಾಳಿಯೇ ಎರಡನ್ನೂ ತಂದಿತೆನ್ನುವುದು ಹೆಚ್ಚು ಸಮಂಜಸ.

ರಾಗಿಮುದ್ದೆಯ ನಾಡಿನಲ್ಲಿ ಕೊರತೆ ಎಲ್ಲಿಂದ ಬಂತೆಂಬ ಆಕ್ಷೇಪವೂ ನಿಲ್ಲದು. ರಾಗಿಯಲ್ಲಿರುವುದು ಕ್ಯಾಲ್ಸಿಯಂ, ಅದನ್ನು ಕರುಳು ಸರಿಯಾಗಿ ಹೀರಿಕೊಳ್ಳಲು ಬೇಕಾದ ಡಿ ಜೀವಸತ್ವವಲ್ಲ. ಹಾಗೆಂದು ಮೆಡಿಕಲ್ ಸ್ಟೋರಿನಲ್ಲಿ ಸಿಗುವ 60,000 ಯೂನಿಟ್ಟಿನ ಪುಡಿಯನ್ನು ನಿದ್ದೆಯ ಔಷಧಿಯೆಂದು ತಾವಾಗಿಯೇ ನುಂಗುವುದು ಅಪಾಯಕರ, ಏಕೆಂದರೆ ಕೊಬ್ಬಿನಲ್ಲಿ ಕರಗುವ ಈ ಜೀವಸತ್ವ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ರಕ್ತಪರೀಕ್ಷೆಯಲ್ಲಿ ಕೊರತೆ ಖಚಿತವಾದರೆ ಮೂಳೆಯ ಸಲುವಾಗಿಯಾದರೂ ವೈದ್ಯರ ಸಲಹೆಯಂತೆ ಅದನ್ನು ತುಂಬಿಕೊಳ್ಳಲೇಬೇಕು. ಪಾಳಿ ವಾರವಾರವೂ ಬದಲಾಗುತ್ತಿದ್ದರೆ ಮಾತ್ರ ನಿದ್ದೆಯ ಪ್ರಶ್ನೆಯನ್ನು ಕೇಳಬೇಕಾದದ್ದು ಕಾರ್ಖಾನೆಯ ಪಾಳಿಪಟ್ಟಿಯನ್ನು.